ಬಾಗಿಲ ಮರಕ್ಕೆ ಹೊಡೆದ ಬೋರ್ಡು

ಗುರುವಾರ, ಮಧ್ಯಾಹ್ನ

ಅಮ್ಮಾ,

ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಕ್ಷೇಮವಿಲ್ಲ ಎಂದರೆ ನೀನು ಕೂಸನ್ನು ಅಕ್ಕನ ತೊಡೆಗೆ ಹಾಕಿ ಮೊದಲ ಬಸ್ಸಿಗೇ ಹೊರಟುಬಿಡುತ್ತೀಯ. ಆದ್ದರಿಂದ ಆ ಸಾಲನ್ನು ಬಿಟ್ಟೇ ಶುರುಮಾಡುತ್ತೇನೆ.

ಭಾವನ ಫೋನಿನಲ್ಲಿ ನೀನು ನೋಡಿದ ಫೋಟೋದಲ್ಲಿರುವುದು ಅಪ್ಪನೇ. ಮುಖ ಅರ್ಧ ಕಾಣದಿದ್ದರೇನು, ಕಾಲರು ತಿರುಗಿಸಿ ಹೊಲಿದವಳಿಗೆ ಬೆನ್ನು ಸಾಕು. ಊಟಕ್ಕೆ ಕೂತವರೆಲ್ಲ ಫೋನನ್ನು ಕೈಯಿಂದ ಕೈಗೆ ದಾಟಿಸಿ ನಗುತ್ತಿದ್ದಾಗ ನೀನೊಬ್ಬಳೇ ಮಗುವಿನ ಬೆನ್ನು ತಟ್ಟುತ್ತ ಕೂತಿದ್ದೆ ಎಂದು ಬರೆದಿದ್ದೀಯ. 'ಇವರು ನಿಮ್ಮ ಮಾವ ಕಣಪ್ಪಾ ಅನ್ನೋಕೆ ಬಾಯೇ ಬರಲಿಲ್ಲ' ಎಂಬ ನಿನ್ನ ಮಾತು ಓದಿ ನನಗೆ ಅಳು ಬಂತು. ಆಮೇಲೆ ಒಂದು ಥರದ ಸಮಾಧಾನವೂ ಆಯಿತು. ಆ ಸಮಾಧಾನಕ್ಕೇ ಮೊದಲು ನಾಚಿಕೆಪಡಬೇಕು. ನೀನು ಸುಮ್ಮನಿದ್ದದ್ದು ಅಳಿಯನ ಮನೆಯಲ್ಲಿ, ಒಂದು ಫೋಟೋದ ಮುಂದೆ. ನಾನು ಸುಮ್ಮನಿದ್ದದ್ದು ಅಪ್ಪನ ಮುಂದೆಯೇ.

ಹೌದು, ನಾನು ಅಲ್ಲಿದ್ದೆ. ಅಪ್ಪನಿಗೆ ಮಂಡಿನೋವು, ಅದಕ್ಕೇ ಕೆಲಸಕ್ಕೆ ಹೋಗುತ್ತಿಲ್ಲ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಅವರು ಹೇಳಿಕೊಟ್ಟದ್ದು. ಮಂಡಿ ಚೆನ್ನಾಗಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ಅಕ್ಕನ ಅತ್ತೆ ನಿನ್ನ ಪಕ್ಕದಲ್ಲೇ ಮೈಯೆಲ್ಲ ಕಿವಿಯಾಗಿ ಕೂತಿರುತ್ತಾರೆ, ಇಲ್ಲಿ ತೆಳ್ಳನೆಯ ಗೋಡೆಯಾಚೆ ಅಪ್ಪ ಇರುತ್ತಾರೆ. ಅಲ್ಲದೆ ನನ್ನ ಬಾಯಿಯ ವಿಷಯ ನಿನಗೆ ಗೊತ್ತು. ನಾಲ್ಕು ಜನರ ಮುಂದೆ ಅದಕ್ಕೆ ಬೀಗ ಬೀಳುತ್ತದೆ, ಕೀಲಿಕೈ ಮನೆಗೆ ಬಂದಮೇಲೆ ಸಿಗುತ್ತದೆ.

ಗ್ರಂಥಾಲಯದಲ್ಲಿ ಭಾನುವಾರವೂ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸವಿದೆ ಎಂದು ನಿಮ್ಮಿಬ್ಬರಿಗೂ ಹೇಳಿ ಹೋಗುತ್ತಿದ್ದೆನಲ್ಲ, ಭಾನುವಾರ ಅಲ್ಲಿ ಬಾಗಿಲೇ ತೆಗೆಯುವುದಿಲ್ಲ. ನಾನು ಹೋಗುತ್ತಿದ್ದದ್ದು ಮುಚ್ಚಿದ ಗಿರಣಿಯ ಹಿಂದಿನ ಕಾಡಿಗೆ. ಗಿರಣಿ ಗೋಡೆಗೂ ಕಾಲುವೆಗೂ ನಡುವೆ ಉದ್ದಕ್ಕೆ ಬೆಳೆದಿರುವ ಆ ಮರಗಳ ಪಟ್ಟಿಗೆ 'ಹುಳ ಹುಪ್ಪಟೆ ಇರುತ್ತೆ' ಎಂದು ಚಿಕ್ಕಂದಿನಲ್ಲಿ ನೀನು ನಮ್ಮನ್ನು ಬಿಡುತ್ತಿರಲಿಲ್ಲ. ಅದು ನಗರದ ಆಸ್ತಿ. ಅಂದರೆ ಯಾರದೂ ಅಲ್ಲ. ಕೆಲವರು ಸೇರಿ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಸಂಘವಿಲ್ಲ, ಅಧ್ಯಕ್ಷರಿಲ್ಲ, ಭಾಷಣವಿಲ್ಲ. ಭಾಷಣವಿದ್ದಿದ್ದರೆ ನಾನು ಆ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ.

ನನ್ನನ್ನು ಕರೆದದ್ದು ಡಾಕ್ಟ್ರಜ್ಜಿ. ಮಕ್ಕಳ ಡಾಕ್ಟರಾಗಿದ್ದು ಈಗ ಮನೆಯಲ್ಲಿರುವವರು. ಗ್ರಂಥಾಲಯಕ್ಕೆ ಅವರು ಮರಳಿಸಿದ ಪುಸ್ತಕದಲ್ಲಿ ಗುರುತಿಗೆಂದು ಇಟ್ಟ ಒಣ ಎಲೆ ಹಾಗೇ ಇತ್ತು. ನಾನು ಮುದ್ರೆ ಒತ್ತುವುದನ್ನು ಬಿಟ್ಟು ಆ ಎಲೆಯ ನರಗಳನ್ನೇ ನೋಡುತ್ತ ನಿಂತಿದ್ದೆ. 'ಎಲೆ ಬೇಕಾದ್ರೆ ಭಾನುವಾರ ಬಾರೇ, ಅಲ್ಲಿ ರಾಶಿ ಬಿದ್ದಿದೆ, ಗುಡಿಸೋಕೆ ಜನ ಇಲ್ಲ' ಅಂದರು. ನಕ್ಕರೋ ಕರೆದರೋ ತಿಳಿಯದೆ ಹೋದೆ.

ಅಲ್ಲಿ ಬಂದವರು ಕಣ್ಣಿಗೆ ಬಿದ್ದ ಕೆಲಸ ಹಿಡಿಯುತ್ತಾರೆ. ಕಾಲುವೆಯಿಂದ ಸಾಲಾಗಿ ನಿಂತು ಕ್ಯಾನುಗಳನ್ನು ಕೈಯಿಂದ ಕೈಗೆ ಕೊಟ್ಟು ಎಳೆಯ ಗಿಡಗಳಿಗೆ ನೀರು ಮುಟ್ಟಿಸುತ್ತಾರೆ. ದಾರಿಯ ಎಲೆಗಳನ್ನು ಗುಡಿಸಿ ಬುಡಗಳಿಗೆ ಹಾಸುತ್ತಾರೆ. ಡ್ರೈವರಣ್ಣ ಅಂತ ಒಬ್ಬರಿದ್ದಾರೆ, ಸಿಟಿ ಬಸ್ಸು ಓಡಿಸುವವರು. ಅವರಿಗೆ ಕೊಂಬೆಗೆ ಸಿಕ್ಕಿದ ತಂತಿ ಬಿಡಿಸುವ ಹುಚ್ಚು. ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು ಕೆಲಸಕ್ಕಿಂತ ಹೆಚ್ಚು ಟೀಕೆ ಮಾಡುತ್ತಾರೆ, ಆದರೆ ಎಲ್ಲರಿಗಿಂತ ಮೊದಲು ಬಂದಿರುತ್ತಾರೆ. ನನ್ನ ಪಾಲಿಗೆ ಬಂದದ್ದು ಮೊಳೆ.

ರಸ್ತೆಯ ಕಡೆಯ ಮರಗಳಿಗೆಲ್ಲ ಜನ ತಗಡಿನ ಬೋರ್ಡು ಹೊಡೆಯುತ್ತಾರಲ್ಲ, ಮನೆ ಬಾಡಿಗೆಗಿದೆ, ಪಾಠ ಹೇಳಿಕೊಡಲಾಗುತ್ತದೆ, ಹಾಸಿಗೆ ರಿಪೇರಿ ಎಂದು. ಅವನ್ನು ಕೀಳಬೇಕು. ಸುಮ್ಮನೆ ಎಳೆದರೆ ತೊಗಟೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಇಕ್ಕಳದ ಕೆಳಗೆ ಒಂದು ಮರದ ಚಕ್ಕೆ ಇಟ್ಟು, ಮೊಳೆಯನ್ನು ಮೊದಲು ಸ್ವಲ್ಪ ತಿರುಚಿ, ಆಮೇಲೆ ಬಂದ ದಾರಿಯಲ್ಲೇ ನೇರ ಎಳೆಯಬೇಕು. ಮೊದಲ ದಿನವೇ ನಾನು ಹಾಗೆ ತೆಗೆದದ್ದನ್ನು ನೋಡಿ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಅಂದಿನಿಂದ ನಾನು 'ಹಲ್ಲಿನ ಡಾಕ್ಟ್ರು'. ಎಲ್ಲಿ ಕಲಿತೆ ಎಂದು ಡಾಕ್ಟ್ರಜ್ಜಿ ಕೇಳಿದರು. ಯಾವುದೋ ಪುಸ್ತಕದಲ್ಲಿ ಓದಿದೆ ಅಂದೆ.

ಅಮ್ಮಾ, ಯಾವ ಪುಸ್ತಕದಲ್ಲಿ ಅದೆಲ್ಲ ಬರೆದಿರುತ್ತಾರೆ? ಹಳೆಯ ಬೋರ್ಡುಗಳಿಂದ ಮೊಳೆ ತೆಗೆದು, ನೆಟ್ಟಗೆ ಮಾಡಿ, ಡಬ್ಬಿಗೆ ಹಾಕುವ ಕೆಲಸಕ್ಕೆ ಅಪ್ಪ ನನ್ನನ್ನು ಕೂರಿಸುತ್ತಿದ್ದರಲ್ಲ, ಅಲ್ಲಿ ಕಲಿತದ್ದು. ನಾನು ಕೀಳುತ್ತಿದ್ದ ಮೊಳೆಗಳೂ ಬಹುಪಾಲು ಅವರವೇ. ಬೋರ್ಡು ಅವರದು. ಅಂಚು ಮಡಿಚಿದ ರೀತಿ, ಮೊಳೆಯ ತುದಿಗೆ ಸವರಿದ ಸೋಪು, 'ಳ'ದ ಬಾಲವನ್ನು ಎಳೆದು ಬಿಟ್ಟ ರೀತಿ. ಮೊದಲ ಮರದಲ್ಲೇ ಗೊತ್ತಾಯಿತು. ಶನಿವಾರ ಅಪ್ಪ ಹೊಡೆದದ್ದನ್ನು ಭಾನುವಾರ ಮಗಳು ಕಿತ್ತಳು. ದರ್ಜಿಯ ಮನೆಯ ಬೆಕ್ಕಿನ ಹಾಗೆ, ಹೊಲಿದದ್ದನ್ನೆಲ್ಲ ಬಿಚ್ಚುವುದೇ ನನ್ನ ಉದ್ಯೋಗವಾಯಿತು.

ಬೋರ್ಡಿನ ಮಾತುಗಳೋ, ಅವು ನನ್ನವೇ. ದೊಡ್ಡ ಅಂಗಡಿಗಳೆಲ್ಲ ಫ್ಲೆಕ್ಸ್ ಬ್ಯಾನರಿಗೆ ಹೋದಮೇಲೆ ಅಪ್ಪನಿಗೆ ಉಳಿದದ್ದು ಈ ಸಣ್ಣ ತಗಡುಗಳು ತಾನೆ? 'ಸಾಹಿತ್ಯ ಓದಿದ್ದೀಯ, ನಾಲ್ಕು ಒಳ್ಳೆ ಮಾತು ಹಾಕಿಕೊಡು, ಗಿರಾಕಿ ನಿಂತು ಓದ್ಲಿ' ಎಂದು ಅವರು ಕೇಳಿದಾಗಿನಿಂದ ಎಲ್ಲ ನಾನೇ ಬರೆದುಕೊಡುತ್ತಿದ್ದೇನೆ. 'ಎರಡು ಕೋಣೆ, ಒಂದು ಕಿಟಕಿ, ಕಿಟಕಿಯಲ್ಲಿ ಬೆಳಗಿನ ಬಿಸಿಲು.' 'ಲೆಕ್ಕಕ್ಕೆ ಹೆದರುವವರಿಗೆ ಮೊದಲ ಬೆಂಚು ಕಾದಿರಿಸಿದೆ.' ಮೇಷ್ಟ್ರು ಇವನ್ನು ಮರದ ಕೆಳಗೆ ನಿಂತು ಜೋರಾಗಿ ಓದುತ್ತಿದ್ದರು. 'ಮೊಳೆರಾಯರು ಪಾಪಿ ಹೌದು, ಆದ್ರೆ ಕವಿ ಕಣ್ರೀ' ಅನ್ನುತ್ತಿದ್ದರು. ಕಣ್ಣಿಗೆ ಬೀಳದ ಆ ಮನುಷ್ಯನಿಗೆ ಗುಂಪಿನವರು ಇಟ್ಟ ಹೆಸರು ಅದು, ಮೊಳೆರಾಯ. ಎಲ್ಲರೂ ನಗುವಾಗ ನಾನೂ ನಗುತ್ತಿದ್ದೆ. ಕವಿ ಎಂದದ್ದು ನನಗೆ, ಪಾಪಿ ಎಂದದ್ದು ಅಪ್ಪನಿಗೆ ಎಂದು ಒಳಗೊಳಗೇ ಪಾಲು ಮಾಡಿಕೊಂಡು ನಗುತ್ತಿದ್ದೆ.

ಅಪ್ಪನಿಗೆ ಹೇಳಬೇಕಿತ್ತು ಅನ್ನುತ್ತೀಯ. ಸುತ್ತಿ ಬಳಸಿ ಒಂದು ಸಲ ಹೇಳಿದೆ. ಮರಕ್ಕೇ ಯಾಕಪ್ಪ, ಬೇರೆಲ್ಲಾದರೂ ಕಟ್ಟಬಾರದೇ ಎಂದೆ. ಅವರು ಕುಂಚ ಒರೆಸುತ್ತ, 'ಕಂಬ ಮುಟ್ಟಿದ್ರೆ ಕರೆಂಟಿನವರು ಹಿಡೀತಾರೆ, ಗೋಡೆ ಮುಟ್ಟಿದ್ರೆ ಮನೆಯವರು ಹಿಡೀತಾರೆ. ಮರಕ್ಕೆ ಯಾರಿದ್ದಾರೆ?' ಅಂದರು. ನೋವಾಗುವುದಿಲ್ಲವೇ ಎಂದದ್ದಕ್ಕೆ, 'ನಿನ್ನ ಕಿವಿ ಚುಚ್ಚಿಸಿದಾಗ ಊರಿಗೆ ಕೇಳೋ ಹಾಗೆ ಅತ್ತೆ. ಈಗೇನು ಕಿವಿ ಬಿದ್ದುಹೋಗಿದೆಯಾ?' ಎಂದು ನಕ್ಕುಬಿಟ್ಟರು. ಮರಕ್ಕೆ ನಾವಿದ್ದೇವೆ ಎಂದು ಆಗ ಹೇಳಬೇಕಿತ್ತು. ಹೇಳಿದ್ದರೆ ಭಾನುವಾರದ ಸುಳ್ಳು ಬಯಲಾಗುತ್ತಿತ್ತು. ಒಂದು ಸುಳ್ಳಿಗೆ ನೆರಳು ಬೇಕೆಂದು ಇನ್ನೊಂದನ್ನು ನೆಡುತ್ತ ಹೋದೆ.

ಆಮೇಲೆ ಗುಂಪಿನವರು ಒಂದು ಬೋರ್ಡು ಮಾಡಿಸಬೇಕೆಂದರು. ಕಾಡಿನ ಬಾಗಿಲಲ್ಲಿ, ಮೊಳೆ ಹೊಡೆಯಬೇಡಿ ಎಂದು ಹೇಳುವ ಬೋರ್ಡು. ಒಕ್ಕಣೆ ಯಾರು ಬರೆಯಬೇಕು ಎಂಬ ಮಾತೇ ಬರಲಿಲ್ಲ, ಗ್ರಂಥಾಲಯದ ಹುಡುಗಿ ಎಂದು ಎಲ್ಲರೂ ನನ್ನ ಕಡೆ ನೋಡಿದರು. ನಾನು ಫೋನಿನಲ್ಲಿ ಬರೆದು ಕಳಿಸಿದೆ: 'ಹೇಳುವುದಿದ್ದರೆ ಹತ್ತಿರ ಬಂದು ಹೇಳಿ. ಮೊಳೆ ಹೊಡೆದು ಹೇಳಬೇಡಿ. ಇಂತಿ, ಇಲ್ಲಿಯ ಮರಗಳು.' ಡ್ರೈವರಣ್ಣ ಅದನ್ನು ತನಗೆ ಪರಿಚಯದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಟ್ಟರು. ಅಂಗಡಿಯವರು ತಮ್ಮ ಮಾಮೂಲಿ ಪೇಂಟರಿಗೆ ಕೊಟ್ಟರು. ಆ ಮಾಮೂಲಿ ಪೇಂಟರು ಯಾರು ಎಂದು ನಿನಗೆ ಹೇಳಬೇಕಾಗಿಲ್ಲ.

ಗ್ರಂಥಾಲಯದಿಂದ ಬಂದರೆ ಹಿತ್ತಲ ಬಾಗಿಲ ಹತ್ತಿರ ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ಹಸಿರು ನೆಲ, ಬಿಳಿ ಅಕ್ಷರ. ಯಾವತ್ತೂ ಕೇಳುವ ಹಾಗೆ, 'ಕೊಂಬು ದೀರ್ಘ ಎಲ್ಲ ಸರಿ ಇದೆಯಾ ನೋಡು' ಅಂದರು. ಸರಿ ಇದೆ ಅಂದೆ. ಏನು ಬರೆದಿದೆ ಎಂದು ನೀವು ಓದಿದಿರಾ ಎಂದು ಕೇಳಿದೆ. 'ಬರೆಯೋವಾಗ ಓದಬಾರದು ಮಗಾ, ಓದಿದ್ರೆ ಸಾಲು ಓರೆಯಾಗುತ್ತೆ' ಅಂದರು. ಇದನ್ನು ಹೇಗೆ ತೂಗುಹಾಕುತ್ತೀರಿ ಎಂದು ಇನ್ನೊಂದು ಮಾತು ಕೇಳಬಹುದಿತ್ತು. ಬಾಯವರೆಗೆ ಬಂದಿತ್ತು ಕೂಡ. ಅದು ಎಲ್ಲಿಗೆ ಹೋಗುತ್ತದೆಂದು ನಿನಗೆ ಹೇಗೆ ಗೊತ್ತು ಎಂದು ಅವರು ತಿರುಗಿ ಕೇಳಿಯಾರೆಂದು ನುಂಗಿಕೊಂಡೆ.

ಆ ಭಾನುವಾರ ಡಾಕ್ಟ್ರಜ್ಜಿ ಬಂದಿರಲಿಲ್ಲ, ತಂಗಿಯ ಮನೆಗೆ ಹೋಗಿದ್ದರು. ನಾವು ಒಳಗಡೆ ನೀರಿನ ಸಾಲಿನಲ್ಲಿದ್ದೆವು. ರಸ್ತೆಯ ಕಡೆಯಿಂದ ಸುತ್ತಿಗೆಯ ಸದ್ದು ಬಂತು. ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು. ಯಾರ ಕೈ ಎಂದು ನನಗೆ ಕ್ಯಾನು ಕೆಳಗಿಡುವ ಮೊದಲೇ ತಿಳಿಯಿತು. ಮೇಷ್ಟ್ರು, 'ಹಾಡಹಗಲೇ ದಯಮಾಡಿಸಿದಾರೆ ಕಣ್ರೋ' ಎಂದು ಓಡಿದರು. ಎಲ್ಲರೂ ಓಡಿದರು. ನಾನು ಕೊನೆಯಲ್ಲಿ ನಡೆದು ಹೋದೆ.

ಬಾಗಿಲಲ್ಲಿ ಒಂದು ಹಳೆಯ ಮರವಿದೆ, ಇಬ್ಬರು ಕೈಹಿಡಿದು ತಬ್ಬಿದರೂ ತೆಕ್ಕೆಗೆ ಸಿಗದಂಥದು. ಬಾಗಿಲ ಮರ ಎಂದೇ ಎಲ್ಲರೂ ಕರೆಯುವುದು. ಅದಕ್ಕೆ ಏಣಿ ಹಾಕಿಕೊಂಡು ಅಪ್ಪ ಕೊನೆಯ ಮೊಳೆ ಹೊಡೆಯುತ್ತಿದ್ದರು. ಹಿಂದೆ ಜನ ಸೇರಿದ್ದು ಕೇಳಿ, ಬೋರ್ಡು ನೋಡಲು ಬಂದವರೆಂದುಕೊಂಡು, ನಗುತ್ತ ತಿರುಗಿದರು. 'ನೋಡಿ, ಸರಿ ಇದೆಯಾ? ಓರೆ ಇಲ್ಲ ತಾನೇ?' ಅಂದರು.

ಮೊದಲು ನಕ್ಕದ್ದು ಡ್ರೈವರಣ್ಣ. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಯಾರಿಗಾದರೂ ನಗು ಬರುತ್ತಿತ್ತು. ಮೇಷ್ಟ್ರು ಮಾತ್ರ ನಗಲಿಲ್ಲ. 'ಏನಯ್ಯಾ, ಏನು ಬರೆದಿದ್ದೀಯ ಸ್ವಲ್ಪ ಓದು ನೋಡೋಣ' ಅಂದರು. ಅಪ್ಪ ಏಣಿಯ ಮೇಲೆ ನಿಂತು, ಪಾಠ ಒಪ್ಪಿಸುವ ಹುಡುಗನ ಹಾಗೆ ಓದಿದರು. ಹೇಳುವುದಿದ್ದರೆ ಹತ್ತಿರ ಬಂದು ಹೇಳಿ. ಮೊಳೆ ಹೊಡೆದು. ಅಲ್ಲಿಗೆ ನಿಂತುಬಿಟ್ಟರು. ಕೈಯಲ್ಲಿದ್ದ ಸುತ್ತಿಗೆಯನ್ನು ನಿಧಾನವಾಗಿ ಬೆನ್ನ ಹಿಂದೆ ಒಯ್ದರು.

ಆಗ ನಗು ಇನ್ನೂ ಜೋರಾಯಿತು. ಮೇಷ್ಟ್ರಿಗೆ ಆ ಉದ್ದ ಬಾಲದ 'ಳ' ಕಾಣಿಸಿತು. 'ಆ ಬಾಡಿಗೆ ಮನೆ, ಲೆಕ್ಕದ ಬೆಂಚು, ಎಲ್ಲಾ ನಿಂದೇನಾ?' ಎಂದು ಕೇಳಿದರು. ಹೌದು ಸಾರ್, ಅಂದರು ಅಪ್ಪ. 'ಅದಕ್ಕೆಲ್ಲಾ ಎರಡೆರಡು, ಇದಕ್ಕೆ ಆರು ಮೊಳೆ. ಏನು ಮರ್ಯಾದೆ ಮಾರಾಯ ಮರಕ್ಕೆ! ಕೀಳು. ಇಷ್ಟು ಜನರ ಎದುರಿಗೇ ಕೀಳು.' ನಮ್ಮ ಅಪ್ಪನನ್ನು ಏಕವಚನದಲ್ಲಿ ಕರೆದವರನ್ನು ನಾನು ಈವರೆಗೆ ಕಂಡಿರಲಿಲ್ಲ, ಅಮ್ಮಾ. ನಾನು ಸಿಟ್ಟಾಗಲಿಲ್ಲ. ಮೇಷ್ಟ್ರು ಇನ್ನೇನು ನನ್ನನ್ನು ಕರೆಯುತ್ತಾರೆ ಎಂಬ ಭಯದಲ್ಲಿ ಸಿಟ್ಟು ಬರಲು ಜಾಗವೇ ಇರಲಿಲ್ಲ.

ಕರೆದೇ ಕರೆದರು. 'ಎಲ್ಲಿ ನಮ್ಮ ಹಲ್ಲಿನ ಡಾಕ್ಟ್ರು, ಇವನಿಗೆ ಇಕ್ಕಳ ಕೊಡಮ್ಮ' ಅಂದರು. ಜನ ದಾರಿ ಬಿಟ್ಟರು. ನಾನು ಹೋಗಿ ಕೊಟ್ಟೆ. ಆ ಇಕ್ಕಳ ಯಾವುದು ಗೊತ್ತಾ? ಹಿಡಿಗೆ ನಿನ್ನ ನೀಲಿ ರವಿಕೆಯ ಬಟ್ಟೆ ಸುತ್ತಿದ್ದು. ತಿಂಗಳುಗಟ್ಟಲೆ ಅಪ್ಪ ಮಂಚದ ಕೆಳಗೆ, ಬಣ್ಣದ ಡಬ್ಬಿಗಳ ಹಿಂದೆ ಹುಡುಕಿ, ನೀನು ಹಳೆ ಸಾಮಾನಿನವನಿಗೆ ಹಾಕಿರಬೇಕೆಂದು ನಿನ್ನ ಮೇಲೆ ರೇಗಿದ್ದರಲ್ಲ, ಅದು.

ಅಪ್ಪ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಂದು ಕ್ಷಣ ಅಷ್ಟೆ. ಆಮೇಲೆ, 'ಥ್ಯಾಂಕ್ಸ್ ಮೇಡಂ' ಅಂದರು. 'ಏಣಿ ಸ್ವಲ್ಪ ಅಲ್ಲಾಡ್ತಿದೆ, ನೀವು ಹಿಡ್ಕೊಳ್ತೀರಾ?'

ಅಪ್ಪ ನನಗೆ ನೀವು ಅಂದರು.

ಏಣಿ ಹಿಡಿದುಕೊಂಡೆ. ಅವರ ಚಪ್ಪಲಿ ನನ್ನ ಕಣ್ಣಿನ ಮಟ್ಟಕ್ಕಿತ್ತು. ಒಂದೊಂದೇ ಮೊಳೆಯನ್ನು, ಚಕ್ಕೆ ಇಟ್ಟು, ತಿರುಚಿ, ನೇರ ಎಳೆದು ತೆಗೆದರು. ಗುಂಪಿನಲ್ಲಿ ಯಾರೋ, 'ಅರೆ, ಇವನೂ ನಮ್ಮ ಹುಡುಗಿ ಥರಾನೇ ಕೀಳ್ತಾನೆ' ಅಂದರು. ಅಪ್ಪ ಮೇಲಿನಿಂದಲೇ, 'ಎಲ್ಲರೂ ಹಿಂಗೇ ಕೀಳೋದು ಸಾರ್, ಬೇರೆ ದಾರಿ ಇಲ್ಲ' ಎಂದು ಹೇಳಿದರು. ಇಳಿದು ಬಂದು ಇಕ್ಕಳವನ್ನು ಅಂಗಿಯ ತುದಿಯಿಂದ ಒರೆಸಿ, 'ತಗೊಳ್ಳಿ, ನಿಮ್ಮದು' ಎಂದು ಕೈಗಿಟ್ಟರು. ಬೋರ್ಡನ್ನು ಮರದ ಬುಡಕ್ಕೆ ಒರಗಿಸಿ, ಏಣಿ ಹೆಗಲಿಗೆ ಹಾಕಿಕೊಂಡು ಹೋದರು. ಮೊಳೆಗಳನ್ನು ಜೇಬಿಗೆ ಹಾಕಿಕೊಂಡಿದ್ದರು. ಅದಕ್ಕೂ ಒಬ್ಬರು ನಕ್ಕರು.

ನಾನು ಊರೆಲ್ಲ ಸುತ್ತಿ ಮನೆಗೆ ಬಂದೆ. ತಟ್ಟೆ ಮುಚ್ಚಿಟ್ಟಿದ್ದರು. 'ಇವತ್ತು ರಟ್ಟು ಹಾಕೋ ಕೆಲಸ ಜಾಸ್ತಿನಾ?' ಎಂದು ಕೇಳಿದರು. ಹೂಂ ಅಂದೆ. ಅಷ್ಟೇ. ಇವತ್ತಿನವರೆಗೂ ಅಷ್ಟೇ.

ಅಪ್ಪ ಏಣಿಯ ಮೇಲಿದ್ದಾಗ ಫೋಟೋ ತೆಗೆದದ್ದು ಮೇಷ್ಟ್ರು. ಗುಂಪಿನ ಫೋನುಗಳಿಗೆ ಹಾಕಿದರು, ಅಲ್ಲಿಂದ ಅದು ಊರು ಬಿಟ್ಟು ಊರಿಗೆ ಹೋಯಿತು. ಅದರ ಕೆಳಗಿನ ಸಾಲು, 'ಹೇಳಿದ ಮಾತು ಮರೆತುಹೋಗದಿರಲಿ ಎಂದು ಮರಕ್ಕೆ ಆರು ಮೊಳೆ', ಅದೇ ಎಲ್ಲರ ಬಾಯಲ್ಲಿ ಓಡಾಡಿದ್ದು. ಫೋಟೋವನ್ನಾದರೂ ಕ್ಷಮಿಸಬಹುದು, ಆ ಸಾಲು ಬರೆದವರ ಕೈ ಸೇದಿಹೋಗಲಿ ಎಂದು ನೀನು ಬರೆದಿದ್ದೀಯ. ಗುಂಪಿನಲ್ಲಿ ಅಷ್ಟೊಂದು ಜನ. ಯಾರೋ ಬರೆದರು.

ಆಮೇಲೆ ಅಪ್ಪನ ಫೋನಿಗೆ ಗುರುತಿಲ್ಲದವರು ಮಾತಾಡತೊಡಗಿದರು. ತಗಡುಗಳ ಮೂಲೆಯಲ್ಲಿ ಬರೆದವರ ನಂಬರು ಇರುತ್ತದಲ್ಲ. ನಮ್ಮ ಗೋಡೆಗೆ 'ಗೋಡೆ ಮೇಲೆ ಬರೆಯಬೇಡಿ' ಅಂತ ಬರೆದುಕೊಡ್ತೀರಾ ಎಂದು ಒಬ್ಬರು. ಮಲಗಿರುವ ಮಗುವನ್ನು ಎಬ್ಬಿಸಿ 'ಮಲಗು' ಅನ್ನೋಕೆ ನಿಮ್ಮನ್ನ ಕಳಿಸಬಹುದಾ ಎಂದು ಇನ್ನೊಬ್ಬರು. ಮೊದಲ ದಿನ ಅಪ್ಪ ಅವರ ಜೊತೆ ನಕ್ಕರು. ಎರಡನೆಯ ದಿನ ಫೋನು ಆರಿಸಿ ಬಣ್ಣದ ಡಬ್ಬಿಗಳ ಹಿಂದೆ ಇಟ್ಟರು. ಲೆಕ್ಕದ ಪಾಠದವರು ಹೊಸ ಬೋರ್ಡು ಬೇಡ ಅಂದರು. ಹಾರ್ಡ್‌ವೇರ್ ಅಂಗಡಿಯವರು ಸ್ವಲ್ಪ ದಿನ ಈ ಕಡೆ ಬರಬೇಡಿ, ಗಿರಾಕಿಗಳು ತಮಾಷೆ ಮಾಡ್ತಾರೆ ಅಂದರು. ಈಗ ಅಪ್ಪ ದಿನವೆಲ್ಲ ಹಿತ್ತಲಲ್ಲಿ ಕೂತು ತೊಳೆದ ಕುಂಚಗಳನ್ನೇ ಮತ್ತೆ ತೊಳೆಯುತ್ತಾರೆ. ನೀನು ನನ್ನ ಫೋನಿಗೆ ಕರೆ ಮಾಡಿದಾಗ ಮಂಡಿ ಉಜ್ಜಿಕೊಳ್ಳುತ್ತಾರೆ, ನಿನಗೆ ಕಾಣುತ್ತದೇನೋ ಎಂಬಂತೆ.

ಕಾಡಿಗೆ ಮಾತ್ರ ಒಳ್ಳೆಯದೇ ಆಯಿತು. ಹೋದ ಭಾನುವಾರ ಫೋಟೋ ನೋಡಿದ ಹೊಸಬರು ತುಂಬ ಬಂದಿದ್ದರು. ನೀರಿನ ಸಾಲು ಕಾಲುವೆಯಿಂದ ಗೋಡೆಯವರೆಗೆ ಒಂದೇ ಸಮ ಇತ್ತು. ಆಗ ಡಾಕ್ಟ್ರಜ್ಜಿ ಬಂದರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೇಷ್ಟ್ರ ಮುಂದೆ ನಿಂತು, 'ಒಬ್ಬನ ಮುಖಕ್ಕೆ ಮಸಿ ಬಳಿದು ಮರಕ್ಕೆ ನೀರು ಹಾಕಿದ್ರೆ ಆ ನೀರು ಇಂಗುತ್ತೇನ್ರೀ?' ಎಂದು ಕೇಳಿದರು. ಮೇಷ್ಟ್ರು, ಮೊಳೆ ಹೊಡೆದದ್ದು ನಾವಾ ಅವನಾ ಅಂದರು. ಅದೂ ನಿಜವೇ. ಅಜ್ಜಿ, 'ಅವರು ಮರಕ್ಕೆ ಹೊಡೆದ್ರು, ಕಿತ್ತೂ ಕೊಟ್ಟರು. ನೀವು ಅವರಿಗೆ ಹೊಡೆದಿದ್ದನ್ನ ಯಾರು ಕೀಳೋದು?' ಅಂದರು. ಮೇಷ್ಟ್ರು ಹೋಗಿ ಎಲೆ ಗುಡಿಸತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ, ತಪ್ಪಾಯ್ತು ಬಿಡಿ ಅಂದರು.

ಆ ಪೇಂಟರನ್ನು ಹುಡುಕಬೇಕು, ಕ್ಷಮೆ ಕೇಳಬೇಕು, ಅವರು ಒಪ್ಪಿದರೆ ಕಾಡಿನ ಬೋರ್ಡುಗಳನ್ನೆಲ್ಲ ಅವರಿಂದಲೇ ಬರೆಸಿ ಗೂಟಗಳಿಗೆ ಕಟ್ಟಬೇಕು ಎಂದು ಅಜ್ಜಿ ಹೇಳಿದರು. 'ಬೋರ್ಡಿನ ನಂಬರಿಗೆ ಫೋನು ಹತ್ತುತ್ತಿಲ್ಲ. ಅವರ ಮನೆ ಎಲ್ಲಿ ಅಂತ ಇಲ್ಲಿ ಯಾರಿಗಾದರೂ ಗೊತ್ತೇನ್ರೋ?'

ನಾನು ಅವರ ಪಕ್ಕದಲ್ಲೇ ಕೂತು ಸೆರಗಿಗೆ ಅಂಟಿದ ಮುಳ್ಳುಬೀಜ ಬಿಡಿಸುತ್ತಿದ್ದೆ. ಅಮ್ಮಾ, ಇದಕ್ಕಿಂತ ಸುಲಭವಾದ ಗಳಿಗೆಯನ್ನು ಯಾರು ಯಾರಿಗೆ ಕೊಡುತ್ತಾರೆ? ನಮ್ಮ ಮನೆ ಎಂದರೆ ಸಾಕಿತ್ತು. ಅಜ್ಜಿ ನನ್ನ ಕಡೆ ತಿರುಗಿದರು. ಗೊತ್ತಿಲ್ಲ ಎಂದು ನಾನು ಹೇಳಲಿಲ್ಲ, ತಲೆ ಅಲ್ಲಾಡಿಸಿದೆ. ಬಾಯಿಂದ ಹೊರಡದ ಸುಳ್ಳು ಸುಳ್ಳಲ್ಲ ಎಂದು ದಾರಿಯುದ್ದಕ್ಕೂ ನನಗೇ ನಾನು ವಾದ ಮಾಡುತ್ತ ಬಂದೆ.

ಈಗ ವಿಷಯ ಇಲ್ಲಿಗೆ ಬಂದಿದೆ. ಡ್ರೈವರಣ್ಣ ಹಾರ್ಡ್‌ವೇರ್ ಅಂಗಡಿಯಿಂದ ವಿಳಾಸ ತಂದಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಬರುತ್ತಾರೆ. 'ಎಲ್ಲರೂ ನುಗ್ಗೋದು ಬೇಡ. ಅಜ್ಜಿ, ಮೇಷ್ಟ್ರು, ನಾನು, ಜೊತೆಗೆ ನಮ್ಮ ಹಲ್ಲಿನ ಡಾಕ್ಟ್ರು. ಮೇಷ್ಟ್ರ ಬಾಯಿಗೆ ಸರಿಯಾಗಿ ಒಬ್ಬರಾದರೂ ಮಾತೇ ಆಡದವರು ಇರಲಿ' ಎಂದು ಗುಂಪಿಗೆ ಕಳಿಸಿದ್ದಾರೆ. ಎಲ್ಲರೂ ನಕ್ಕಿದ್ದಾರೆ. ಕಾಡಿನ ಬಾಗಿಲಲ್ಲಿ ಸೇರಿ ಅಲ್ಲಿಂದ ಹೊರಡುವುದಂತೆ. ಹಾಗೆ ಹೋದರೆ ನಾನು ನಮ್ಮ ಮನೆಯ ಬಾಗಿಲನ್ನೇ ಅವರ ಜೊತೆ ನಿಂತು ತಟ್ಟಬೇಕು. ಹೋಗದಿದ್ದರೆ ಅವರು ತಟ್ಟಿದಾಗ ಒಳಗಿನಿಂದ ತೆಗೆಯಬೇಕು. ಮೂರನೆಯ ದಾರಿ ಇದೆಯೇ ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಎಲ್ಲ ದಾರಿಗಳೂ ಆ ಬಾಗಿಲಿಗೇ ಬಂದು ನಿಲ್ಲುತ್ತವೆ.

ಅಪ್ಪನ ಕೆಲಸಕ್ಕೆ ನನಗೆ ನಾಚಿಕೆಯಿತ್ತು ಎಂದುಕೊಳ್ಳಬೇಡ. ಇದ್ದಿದ್ದರೆ ಅದು ಸಣ್ಣ ವಿಷಯ, ಬೈದು ಬಿಡಿಸಬಹುದಿತ್ತು. ಕಾಲೇಜಿನಲ್ಲಿ ಇಷ್ಟು ವರ್ಷ ಕೊನೆಯ ಬೆಂಚಿನ ಮೂಲೆಯಲ್ಲಿ ಕೂತು ಬಂದವಳನ್ನು ಅಲ್ಲಿ ಮೊದಲ ಸಲ ಯಾರೋ ಹೆಸರಿಟ್ಟು ಕರೆದರು, ನಾನು ತಡವಾಗಿ ಬಂದರೆ ಎಲ್ಲಿ ಎಂದು ಕೇಳಿದರು. ಅದು ಕೈತಪ್ಪುತ್ತದೆಂದು ಹೆದರಿದೆ. ಅದಕ್ಕೆ ಕೊಟ್ಟ ಬೆಲೆ ಅಪ್ಪನದು. ಅವರಿಂದ ಕಲಿತ ಕೈಗೆ ಹೊಗಳಿಕೆ ನಾನು ಪಡೆದೆ, ಬೈಗುಳ ಅವರಿಗೆ ಬಿಟ್ಟೆ.

ನಾಳೆ ಶುಕ್ರವಾರ, ಡಾಕ್ಟ್ರಜ್ಜಿ ಪುಸ್ತಕ ಬದಲಾಯಿಸಲು ಬರುವ ದಿನ. ಅವರಿಗೆ ಹೇಳಬೇಕೆಂದಿದ್ದೇನೆ. ಹೇಳುತ್ತೇನೆ ಎಂದು ಇಲ್ಲಿ ಬರೆದರೆ ನೀನು ನಂಬುತ್ತೀಯ, ಅದಕ್ಕೇ ಬರೆಯಲು ಕೈ ಬರುತ್ತಿಲ್ಲ. ನೀನು ಹೊರಟು ಬರಬೇಡ. ನೀನು ಬಂದರೆ ನಾನು ನಿನ್ನ ಹಿಂದೆ ನಿಂತುಬಿಡುತ್ತೇನೆ. ಭಾವನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಅಕ್ಕನಿಗೆ ಮಾತ್ರ ಈ ಕಾಗದ ತೋರಿಸಬೇಡ, ಎದೆಹಾಲು ಕುಡಿಸುವವಳು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ ಮುಖ ನೋಡಿ ಹೇಳಲಾಗದ
ನಿನ್ನ ಚಿಕ್ಕವಳು

ಮತ್ತೆ ಬರೆದದ್ದು: ಕಾಗದ ಮಡಿಚುವಷ್ಟರಲ್ಲಿ ಅಪ್ಪ ಒಳಗೆ ಬಂದರು. ಯಾರಿಗೆ ಎಂದರು. ಅಮ್ಮನಿಗೆ ಅಂದೆ. ಗೋಡೆಗೆ ಒರಗಿ ನಿಂತು, 'ಭಾನುವಾರ ಆ ಗುಂಪಿನ ಅಜ್ಜಿಯವರು ಬರ್ತಾರಂತೆ, ಅಂಗಡಿಯವರು ಹೇಳಿ ಕಳಿಸಿದ್ರು. ನಿಂಗೆ ಕಷ್ಟ ಆದ್ರೆ ಅಡುಗೆಮನೇಲಿ ಇರು. ನಾನು ಮಾತಾಡಿ ಕಳಿಸ್ತೀನಿ' ಅಂದರು. ಹೊರಟವರು ಬಾಗಿಲಲ್ಲಿ ನಿಂತು, 'ಫೋಟೋ ಕೆಳಗಿನ ಸಾಲು ನಿಂದು ಅಂತ ಅಮ್ಮನಿಗೆ ಬರೀಬೇಡ, ಅವಳು ಮನಸಿಗೆ ಹಚ್ಕೋತಾಳೆ' ಅಂದರು. ಮೇಲೆ 'ಯಾರೋ ಬರೆದರು' ಎಂದದ್ದನ್ನು ನಾನು ಹೊಡೆದುಹಾಕಿಲ್ಲ, ನಿನಗೆ ಕಾಣಲೆಂದು ಹಾಗೇ ಬಿಟ್ಟಿದ್ದೇನೆ. ಮೇಷ್ಟ್ರು ಒಂದು ಸಾಲು ಕೊಡಮ್ಮ ಅಂದರು, ಮರದ ಕೆಳಗೆ ನಿಂತೇ ಕೊಟ್ಟೆ. ಕೊಟ್ಟಾಗ, ಚೆನ್ನಾಗಿ ಬಂತು ಅನ್ನಿಸಿತು ಅಮ್ಮಾ. ನಿಮಗೆ ಹೇಗೆ ಗೊತ್ತಾಯಿತು ಎಂದು ಅಪ್ಪನನ್ನು ಕೇಳಿದೆ. 'ಇಷ್ಟು ವರ್ಷ ನಿನ್ನ ಮಾತೇ ತಾನೇ ಬರೀತಿರೋದು, ಓದದಿದ್ರೂ ಕೈಗೆ ಗೊತ್ತಾಗುತ್ತೆ. ಆ ಹಸಿರು ಬೋರ್ಡಿನ ಮಾತೂ ನಿಂದೇ ಅಂತ ಬರೆಯೋವಾಗಲೇ ಗೊತ್ತಾಯ್ತು' ಅಂದರು. 'ನಿಂದು ಅಂತಲೇ ಎಲ್ಲಕ್ಕಿಂತ ದೊಡ್ಡ ಮರ ಹುಡುಕಿ ಆರು ಮೊಳೆ ಹೊಡೆದೆ. ಗಾಳಿಗೆ ಬೀಳಬಾರದಲ್ಲ.'